ಒಂದು ಸುತ್ತಿಗೆ ಹದಿನಾರು ದಿನ

ನಾನು ಟೈಪ್ ಮಾಡೋದು ಒಂದೇ ಬೆರಳಲ್ಲಿ. ಒತ್ತಕ್ಷರ ಬಂತು ಅಂದ್ರೆ ಹುಡುಕೋಕೆ ಒಂದು ನಿಮಿಷ ಬೇಕು. ದಿನಕ್ಕೆ ಅರ್ಧ ಪುಟ ಆದ್ರೆ ಹೆಚ್ಚು. ಇದನ್ನ ಫಿಸಿಕ್ಸ್ ಪಾಠ ಮಾಡ್ತಿದ್ದ ನಮ್ಮ ವಿಶಾಲಾಕ್ಷಿ ಮೇಡಂಗೆ ಹೇಳಿದ್ರೆ, "ಅವಸರ ಯಾರಿಗಿದೆ ಶೀನಪ್ಪ? ನಿಮ್ಮ ಜಾಗಕ್ಕೆ ಹೊಸಬರು ಬಂದಿದಾರಂತೆ. ಆ ಕೋಣೇಲಿ ಎಂತ ಕೆಲಸ ನಡೀತಿತ್ತು ಅಂತ ಅವ್ರಿಗೆ ಯಾರು ಹೇಳ್ತಾರೆ? ಬರೀರಿ" ಅಂದ್ರು. ಅದಕ್ಕೆ ಬರೀತಿದೀನಿ.

ಕೊಪ್ಪದ ಒಂದು ಕಾಲೇಜಲ್ಲಿ ನಾನು ಫಿಸಿಕ್ಸ್ ಲ್ಯಾಬ್ ಅಟೆಂಡರ್ ಆಗಿದ್ದೆ. ಸಾಮಾನು ಕೊಡೋದು, ವಾಪಸ್ ತಗೊಳ್ಳೋದು, ಒರೆಸಿಡೋದು, ಬೀಗ ಹಾಕೋದು. ಆರ್ಡರಲ್ಲಿ ಇದ್ದಿದ್ದು ಇಷ್ಟೇ. ಕಾಲೇಜಿನ ಹಿಂದೆ ದಿಬ್ಬದ ಮೇಲೆ ಒಂದು ತಗಡಿನ ಕೋಣೆ ಇದೆ, ಅದರೊಳಗೆ ಒಂದು ದೂರದರ್ಶಕ ಇದೆ, ಅದನ್ನೂ ನೋಡ್ಕೋಬೇಕು ಅಂತ ಯಾವ ಆರ್ಡರಲ್ಲೂ ಇರ್ಲಿಲ್ಲ. ಆದ್ರೆ ಈಗ ಹಿಂದಕ್ಕೆ ತಿರುಗಿ ನೋಡಿದ್ರೆ ನಾನು ಮಾಡಿದ ಕೆಲಸ ಅಂದ್ರೆ ಅದೇ ಅನ್ಸುತ್ತೆ.

ಮೊದಲು ನಾನು ಯಾರು ಅಂತ ಹೇಳ್ಬೇಕು. ಹುಟ್ಟಿದ್ದು ಕಡಹಿನಬೈಲು ಹತ್ತಿರ. ಅಪ್ಪ ಅಮ್ಮ ಕೂಲಿಗೆ ಹೋಗೋರು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟೆ. ಆಮೇಲೆ ನರಸಿಂಹರಾಜಪುರದಲ್ಲಿ ಒಂದು ಅಡಿಕೆ ಮಂಡೀಲಿ ತಕ್ಕಡಿ ಹತ್ರ ನಿಂತೆ. ಅಲ್ಲಿ ತೂಕ ಮಾಡ್ತಿದ್ದ ತಿಮ್ಮಪ್ಪಣ್ಣನೇ ನನ್ನ ಮೊದಲ ಮೇಷ್ಟ್ರು. ಅವರದ್ದು ಒಂದು ಶಿಸ್ತು. ಬೆಳಿಗ್ಗೆ ಬಂದ ಕೂಡ್ಲೇ ತಕ್ಕಡಿ ಮುಳ್ಳು ಸೊನ್ನೇಲಿ ಇದ್ಯಾ ನೋಡ್ಬೇಕು. ಇಲ್ಲದಿದ್ರೆ ಸೊನ್ನೆಗೆ ತರಬೇಕು. ತಂದ ಮೇಲೆ, ಎಷ್ಟು ಸರಿಸಿದೆ ಅಂತ ಪುಸ್ತಕದಲ್ಲಿ ಬರೀಬೇಕು. "ಸರಿ ಮಾಡೋದು ಯಾರಿಗೂ ಬರುತ್ತೆ ಮಾರಾಯ. ಎಷ್ಟು ಸರಿ ಮಾಡಿದೆ ಅಂತ ಬರೆಯೋಕೆ ಸೋಮಾರಿತನ" ಅನ್ನೋರು. ಹನ್ನೆರಡು ವರ್ಷ ದಿನಾ ಬೆಳಿಗ್ಗೆ ಇದೇ ಮಾಡಿದೀನಿ. ಈ ಮಾತು ನೆನಪಲ್ಲಿ ಇಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಎಸ್ಸೆಸ್ಸೆಲ್ಸಿ ಕಟ್ಟಿದ್ದು ಇಪ್ಪತ್ತೇಳನೇ ವಯಸ್ಸಲ್ಲಿ. ಪರೀಕ್ಷೆ ಹಾಲ್ ಬಾಗಿಲಲ್ಲಿ ನಿಂತಿದ್ದೆ. ಒಳಗಿದ್ದ ಮೇಷ್ಟ್ರು ನನ್ನ ನೋಡಿ, "ಕೊಡಪಾನ ಆ ಮೂಲೇಲಿ ಇಡಪ್ಪ" ಅಂದ್ರು. ನೀರು ತಂದೋನು ಅಂದ್ಕೊಂಡಿದ್ರು. ನಾನು ಹಾಲ್ ಟಿಕೆಟ್ ತೋರ್ಸಿದೆ. ಮಕ್ಕಳೆಲ್ಲ ಹೋ ಅಂತ ನಕ್ಕರು. ಪಾಸಾದೆ.

ಲ್ಯಾಬಿಗೆ ಸೇರಿದ ಮೊದಲನೇ ವರ್ಷವೇ ಒಂದು ದೊಡ್ಡ ಎಡವಟ್ಟು ಮಾಡಿದೆ. ದೂರದರ್ಶಕ ಆಗಷ್ಟೇ ಬಂದಿತ್ತು. ಒಂದು ಕಾಫಿ ಎಸ್ಟೇಟಿನ ಯಜಮಾನರು ತೀರಿಕೊಂಡಿದ್ರು, ಅವರ ಮನೆಯೋರು ಅದನ್ನ ಕಾಲೇಜಿಗೆ ಕೊಟ್ಟಿದ್ರು. ಅದರ ಕನ್ನಡೀಲಿ ಧೂಳು ಕಾಣ್ತು. ಹೆಗಲ ಮೇಲಿದ್ದ ಬೈರಾಸಲ್ಲಿ ಗಸಗಸ ಒರೆಸ್ದೆ. ಹೊಳೀತು. ಸಂಜೆ ವಿಶಾಲಾಕ್ಷಿ ಮೇಡಂ ಬಂದು ಟಾರ್ಚ್ ಬಿಟ್ಟು ನೋಡಿದ್ರು. ಕನ್ನಡಿ ತುಂಬ ಸಣ್ಣ ಸಣ್ಣ ಗೀರು.

"ಯಾರು ಒರೆಸಿದ್ದು?"

"ನಾನೇ ಮೇಡಂ."

ಅವರು ಟಾರ್ಚ್ ಆರಿಸಿದ್ರು. ಆಮೇಲೆ, "ಶೀನಪ್ಪ, ಈ ಕನ್ನಡಿ ಮೇಲೆ ಧೂಳಿದ್ರೂ ನಡಿಯುತ್ತೆ. ಪ್ರೀತಿ ಮಾಡೋಕೆ ಹೋಗ್ಬೇಡಿ" ಅಂದ್ರು. ಆ ಗೀರು ಈಗಲೂ ಇದೆ. ಹೊಸಬರು ನೋಡಿದ್ರೆ ಯಾರು ಮಾಡಿದ್ದು ಅಂತ ಕೇಳೋದು ಬೇಡ.

ಮೇಡಂ ಶೃಂಗೇರಿಯೋರು. ದಿನಾ ಬಸ್ಸಲ್ಲಿ ಬಂದು ಹೋಗೋರು. ನನಗಿಂತ ನಾಲ್ಕೈದು ವರ್ಷ ದೊಡ್ಡೋರು. ಮದುವೆ ಆಗಿರ್ಲಿಲ್ಲ, ಅಮ್ಮನ ಜೊತೆ ಇದ್ರು. ನಾನು ಅಟೆಂಡರ್ ಆದ್ರೂ ಒಂದು ದಿನ ಏಕವಚನದಲ್ಲಿ ಕರೀಲಿಲ್ಲ. ಖಾಲಿ ಪಿರಿಯಡಲ್ಲಿ ಕೂರಿಸ್ಕೊಂಡು ದಶಮಾಂಶ ಹೇಳ್ಕೊಟ್ರು, ಗ್ರಾಫ್ ಹೇಳ್ಕೊಟ್ರು, ಕಂಪ್ಯೂಟರ್ ಬಂದ ಮೇಲೆ ಅದನ್ನೂ ಹೇಳ್ಕೊಟ್ರು.

ಬರೋ ಬೇಸಿಗೆಗೆ ಅವರು ರಿಟೈರ್ ಆಗೋ ವರ್ಷ ಅದು. ಮಳೆಗಾಲ ಮುಗಿದು ಕೋಣೆಯ ಬೀಗ ತೆಗೀತಿದ್ವಿ. ಆ ಕೋಣೆಯ ಮಾಡು, ಅಂದ್ರೆ ಚಾವಣಿ, ಹಳಿ ಮೇಲೆ ಹಿಂದಕ್ಕೆ ಜಾರುತ್ತೆ. ಹಳಿಯೊಳಗೆ ಕಣಜದ ಹುಳ ಮಣ್ಣು ಮೆತ್ತಿತ್ತು, ನಾನು ಕೆರೀತಿದ್ದೆ. ಮೇಡಂ ಅಲ್ಲೇ ಕಲ್ಲಿನ ಮೇಲೆ ಕೂತ್ಕೊಂಡು ಹೇಳಿದ್ರು.

"ಮೂವತ್ತು ವರ್ಷ ಬೇರೆಯೋರು ಅಳೆದಿದ್ದನ್ನೇ ಬೋರ್ಡ್ ಮೇಲೆ ಬರ್ದಿದೀನಿ ಶೀನಪ್ಪ. ಭೂಮಿ ತೂಕ ಇಷ್ಟು, ಬೆಳಕಿನ ವೇಗ ಇಷ್ಟು ಅಂತ. ನಾನೇ ಅಳೆದೆ ಅಂತ ಒಂದು ಸಂಖ್ಯೆ ಇಲ್ಲ. ಒಂದೇ ಒಂದು ಸಿಕ್ಕಿದ್ರೆ ಸಾಕಿತ್ತು."

"ಎಂತ ಅಳೆಯೋದು ಮೇಡಂ?"

"ಒಂದು ಕಲ್ಲು."

ಮಂಗಳ ಗ್ರಹಕ್ಕೂ ಗುರು ಗ್ರಹಕ್ಕೂ ನಡುವೆ ಲೆಕ್ಕ ಇಲ್ಲದಷ್ಟು ಕಲ್ಲುಗಳು ಸೂರ್ಯನ ಸುತ್ತ ಹೋಗ್ತಾ ಇವೆ. ಕೆಲವು ಇದ್ದಿಲಿನ ಹಾಗೆ ಕಪ್ಪು, ಕೆಲವು ಕಬ್ಬಿಣದ್ದು. ಮೇಡಂ ಆರಿಸಿದ್ದು ಬರೀ ಕಲ್ಲಿನ ಜಾತೀದು. ಅದಕ್ಕೆ ಹೆಸರಿಲ್ಲ, ನಂಬರ್ ಮಾತ್ರ. ನಾವು ಕಲ್ಲು ಅಂತಲೇ ಕರೀತಿದ್ವಿ. ಅದು ತನ್ನ ಸುತ್ತ ತಾನು ಒಂದು ಸಲ ತಿರುಗೋಕೆ ಎಷ್ಟು ಹೊತ್ತು ತಗೊಳ್ಳುತ್ತೆ ಅಂತ ಯಾರೂ ಸರಿಯಾಗಿ ಅಳೆದಿರ್ಲಿಲ್ಲ. ಆ ಚಳಿಗಾಲ ಅದು ನಮಗೆ ಹತ್ತಿರ ಇತ್ತು. ಮುಂದಿನ ಸಲ ಹತ್ತಿರ ಬರೋದು ಒಂದೂವರೆ ವರ್ಷ ಬಿಟ್ಟು, ಅದೂ ಜಡಿಮಳೆ ಕಾಲಕ್ಕೆ. ಅಂದ್ರೆ ಮೇಡಂಗೆ ಇದ್ದಿದ್ದು ಆ ಒಂದೇ ಚಳಿಗಾಲ.

ಪ್ರಿನ್ಸಿಪಾಲರ ಪರ್ಮಿಷನ್ ಕೇಳೋಕೆ ಹೋದ್ವಿ. ಅವರು ಕನ್ನಡಕ ಮೇಲಕ್ಕೆ ಏರಿಸಿ, "ಕಲ್ಲು ನೋಡೋಕೆ ರಾತ್ರಿ ಯಾಕೆ ಮೇಡಂ? ತುಂಗಾ ಹೊಳೇಲಿ ಹಗಲೇ ಬೇಕಾದಷ್ಟು ಸಿಗುತ್ತಲ್ಲ" ಅಂದ್ರು. ಸಹಿ ಮಾತ್ರ ಹಾಕಿದ್ರು. ಒಳ್ಳೇ ಮನುಷ್ಯ. ಆಮೇಲೆ ಎದುರು ಸಿಕ್ಕಾಗೆಲ್ಲ, "ಏನಪ್ಪ, ಕಲ್ಲು ಕ್ಷೇಮವಾ?" ಅಂತ ಕೇಳೋರು.

ದೂರದರ್ಶಕದಲ್ಲಿ ಆ ಕಲ್ಲು ಕಲ್ಲಿನ ಹಾಗೆ ಕಾಣಲ್ಲ. ಒಂದು ಚುಕ್ಕಿ, ಅಷ್ಟೇ. ಚುಕ್ಕಿ ತಿರುಗೋದು ಹೇಗೆ ಗೊತ್ತಾಗುತ್ತೆ ಅಂತ ನನಗೆ ತಲೆಗೇ ಹೋಗ್ತಿರ್ಲಿಲ್ಲ. ಒಂದು ಮಧ್ಯಾಹ್ನ ಮೇಡಂ ನಮ್ಮನೆಗೆ ಊಟಕ್ಕೆ ಬಂದಿದ್ರು. ಅಡುಗೆಮನೇಲಿ ಸೌತೆಕಾಯಿನ ಬಾಳೆನಾರಲ್ಲಿ ಅಡ್ಡಕ್ಕೆ ಕಟ್ಟಿ ಅಟ್ಟಕ್ಕೆ ನೇತು ಹಾಕಿದ್ವಿ. ಮೇಡಂ ಅದನ್ನ ಬೆರಳಲ್ಲಿ ಮೆಲ್ಲಗೆ ತಿರುಗಿಸಿದ್ರು. ಕಿಟಕಿ ಬೆಳಕು ಅದರ ಮೇಲೆ ಬೀಳ್ತಿತ್ತು.

"ನೋಡಿ. ಉದ್ದಕ್ಕೆ ತಿರುಗಿದಾಗ ಅಗಲ ಕಾಣುತ್ತೆ, ಬೆಳಕು ಜಾಸ್ತಿ. ತೊಟ್ಟು ನಮ್ಮ ಕಡೆ ಬಂದಾಗ ಸಣ್ಣ ಕಾಣುತ್ತೆ, ಬೆಳಕು ಕಮ್ಮಿ. ಒಂದು ಸುತ್ತಿಗೆ ಎರಡು ಸಲ ಜಾಸ್ತಿ, ಎರಡು ಸಲ ಕಮ್ಮಿ. ಬೆಳಕು ಅಳೀತಾ ಹೋದ್ರೆ ಸುತ್ತು ಸಿಗುತ್ತೆ."

ನನ್ನ ಹೆಂಡ್ತಿ ಜಯಂತಿ ಸೌಟು ಹಿಡ್ಕೊಂಡೇ ಓಡಿ ಬಂದಳು. "ಮೇಡಂ, ನಾರು ಹಳೇದು, ಬೀಳುತ್ತೆ! ನಾಳೆ ಹುಳಿಗೆ ಇಟ್ಟಿದ್ದು."

"ನಿಮ್ಮ ಹುಳಿ ಉಳೀಲಿ ಜಯಂತಿ, ನಮ್ಮ ಪಾಠ ಆಯ್ತು" ಅಂತ ಮೇಡಂ ಕೈ ಬಿಟ್ರು. ಅದು ತಾನಾಗೇ ಸುಮಾರು ಹೊತ್ತು ತಿರುಗ್ತಾ ಇತ್ತು. ನನಗೆ ಅವತ್ತು ಅರ್ಥ ಆಯ್ತು.

ಕೆಲಸ ಹೀಗೆ. ಸಂಜೆ ಮಾಡು ಜಾರಿಸೋದು, ಕ್ಯಾಮೆರಾ ಹಾಕೋದು, ಮೂರು ನಾಲ್ಕು ಗಂಟೆ ಫೋಟೋ ತೆಗೆಯೋದು. ಬೆಳಿಗ್ಗೆ ಅದೇ ಫೋಟೋಗಳನ್ನ ಕಂಪ್ಯೂಟರಲ್ಲಿ ಹಾಕಿ, ಬೆಳಕು ಎಷ್ಟು ಅಂತ ಮೊದಲೇ ಪಟ್ಟೀಲಿರೋ ಪಕ್ಕದ ನಕ್ಷತ್ರಕ್ಕೆ ಹೋಲಿಸಿ ಕಲ್ಲಿನ ಬೆಳಕು ಅಳೆಯೋದು. ಆ ವರ್ಷ ಮೇಡಂ ಕಣ್ಣಿಗೆ ಪೊರೆ ಬಂದಿತ್ತು. ಅಳೆಯೋ ಕೆಲಸ ನನಗೆ ಬಿಟ್ರು. "ತಕ್ಕಡಿ ಹತ್ರ ಬೆಳೆದೋರು ನೀವು, ನನಗಿಂತ ಚೆನ್ನಾಗಿ ಮಾಡ್ತೀರಿ" ಅಂದ್ರು. ಅವತ್ತು ನನಗೆ ಎಷ್ಟು ಖುಷಿ ಆಗಿತ್ತು ಅಂತ ಬರೆಯೋಕೆ ಬರಲ್ಲ.

ದಿಬ್ಬದ ಕೆಳಗೆ ಮಂಜಪ್ಪ ಗೌಡ್ರ ಮನೆ. ಸುಗ್ಗೀಲಿ ಅವರ ಅಡಿಕೆ ಬೇಯಿಸೋ ಒಲೆಯ ಹೊಗೆ ನೆಟ್ಟಗೆ ನಮ್ಮ ಕೋಣೆಗೇ ಬರ್ತಿತ್ತು. ನಾನು ಹೋಗಿ ಕೇಳ್ದೆ, "ಗೌಡ್ರೇ, ಒಂದು ಸ್ವಲ್ಪ ತಡವಾಗಿ ಉರಿ ಹಾಕಬಹುದಾ?"

"ನಿನ್ನ ನಕ್ಷತ್ರ ಬಾಡುತ್ತೇನೋ ಮಾರಾಯ? ನನ್ನ ಅಡಿಕೆ ಬಾಡುತ್ತೆ!"

"ನಕ್ಷತ್ರ ಅಲ್ಲ ಗೌಡ್ರೇ, ಕಲ್ಲು."

"ಕಲ್ಲಿಗೆ ನನ್ನ ಹೊಗೆ ಎಂತ ಮಾಡುತ್ತೆ!" ಅಂತ ಬೈದ್ರು. ಮೂರನೇ ದಿನ ತಾವೇ ದಿಬ್ಬ ಹತ್ತಿ ಬಂದು ನೋಡಿದ್ರು. "ಇಷ್ಟೇಯಾ? ಇದಕ್ಕೆ ಇಷ್ಟು ಕಷ್ಟ ಪಡ್ತೀರಾ?" ಅಂತ ಬೇಜಾರು ಮಾಡ್ಕೊಂಡ್ರು. ಆದ್ರೆ ಮಾರನೇ ದಿನದಿಂದ ಒಲೆಗೆ ಮಧ್ಯಾಹ್ನವೇ ಉರಿ ಹಾಕ್ಸಿದ್ರು. ಹೊಗೆ ಬಂದ್ರೆ ನಕ್ಷತ್ರವೂ ಕಲ್ಲೂ ಒಟ್ಟಿಗೆ ಮಂಕಾಗುತ್ತೆ, ಹೋಲಿಕೆಗೆ ಅಷ್ಟು ತೊಂದ್ರೆ ಇಲ್ಲ ಅಂತ ಮೇಡಂ ಆಮೇಲೆ ಹೇಳಿದ್ರು. ಅದನ್ನ ನಾನು ಗೌಡ್ರಿಗೆ ಇವತ್ತಿನವರೆಗೂ ಹೇಳಿಲ್ಲ.

ಈಗ ನನ್ನ ದೊಡ್ಡ ತಪ್ಪಿಗೆ ಬರ್ತೀನಿ.

ಕಲ್ಲು ನಕ್ಷತ್ರಗಳ ನಡುವೆ ದಿನಾ ಸ್ವಲ್ಪ ಸ್ವಲ್ಪ ಜರುಗುತ್ತೆ. ಹಾಗಾಗಿ ಹೋಲಿಸೋಕೆ ಎರಡು ಮೂರು ದಿನಕ್ಕೊಮ್ಮೆ ಬೇರೆ ನಕ್ಷತ್ರ ಹಿಡೀಬೇಕು. ನಾನು ಅಳೆದಾಗ ಇವತ್ತಿನ ಲೆಕ್ಕ ನಿನ್ನೆಯದಕ್ಕೆ ಕೂಡ್ತಿರ್ಲಿಲ್ಲ. ನಿನ್ನೆ ನಿಂತ ಕಡೆಯಿಂದ ಇವತ್ತು ಶುರು ಆಗ್ಬೇಕಲ್ಲ? ಒಂದಿನ ಸ್ವಲ್ಪ ಮೇಲೆ, ಒಂದಿನ ಸ್ವಲ್ಪ ಕೆಳಗೆ. ನಾನು ಅಂದ್ಕೊಂಡೆ, ನಕ್ಷತ್ರ ಬದಲಾಯಿಸಿದ್ದಕ್ಕೆ ಹೀಗಾಗಿದೆ, ತಕ್ಕಡಿ ಮುಳ್ಳು ಸರಿದಿದೆ ಅಂತ. ಹನ್ನೆರಡು ವರ್ಷ ಮಾಡಿದ್ದನ್ನೇ ಕೈ ಮಾಡ್ತು. ದಿನಾ ಬೆಳಿಗ್ಗೆ, ಅವತ್ತಿನ ಲೆಕ್ಕ ಪೂರ್ತಿ ಎತ್ತಿಯೋ ಇಳಿಸಿಯೋ, ನಿನ್ನೆಯದಕ್ಕೆ ಸಮ ಕೂರಿಸಿ ಮೇಡಂಗೆ ಕೊಡ್ತಿದ್ದೆ. ಯಾರೂ ಹೇಳಿರ್ಲಿಲ್ಲ. ನಾನು ಕೇಳಲೂ ಇಲ್ಲ. ಇದೆಲ್ಲ ಕೇಳೋ ವಿಷಯ ಅಂತ ಅನ್ನಿಸ್ಲೇ ಇಲ್ಲ. ಬೆಳಿಗ್ಗೆ ಎದ್ದು ಮುಖ ತೊಳಿಯೋಕೆ ಯಾರನ್ನಾದ್ರೂ ಕೇಳ್ತೀವಾ?

ಅಳೆದಾದ ಮೇಲೆ ಫೋಟೋ ಅಳಿಸ್ತಿದ್ದೆ. ಕಂಪ್ಯೂಟರಲ್ಲಿ ಜಾಗ ಇರ್ಲಿಲ್ಲ. ಅದಕ್ಕೆ ಮೇಡಂ ಒಪ್ಪಿಗೆ ಇತ್ತು.

ಐವತ್ತು ಮೂರು ರಾತ್ರಿ ಆಯ್ತು. ಮಾರ್ಚ್ ಬಂತು. ಮೇಡಂ ಗ್ರಾಫ್ ಹಾಕಿದ್ರು. ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ನೆಟ್ಟಗೆ. ಒಂದೊಂದು ರಾತ್ರಿಯ ಚುಕ್ಕಿಗಳು ಒಂಚೂರು ಓರೆ ಇದ್ದಂಗೆ ಕಾಣ್ತಿತ್ತು, ಮಂಜಿಗೆ ಹಾಗಾಗಿರಬೇಕು ಅಂದ್ಕೊಂಡ್ವಿ.

"ಎಷ್ಟು ಚಂದ ಅಳ್ದಿದೀರಿ ಶೀನಪ್ಪ" ಅಂದ್ರು ಮೇಡಂ. ನಿಧಾನಕ್ಕೆ ಕನ್ನಡಕ ತೆಗೆದ್ರು. "ಆದ್ರೆ ಏನೂ ಇಲ್ಲ. ಬುಗುರಿ ತಲೆ ನಮ್ಮ ಕಡೆ ಹಾಕಿ ತಿರುಗಿದ್ರೆ ನಮಗೆ ಒಂದೇ ತರ ಕಾಣುತ್ತಲ್ಲ, ಹಾಗಿರಬಹುದು. ನನ್ನ ಅದೃಷ್ಟಕ್ಕೆ ಅದು ತಲೆ ತೋರಿಸ್ಕೊಂಡು ಕೂತಿದೆ. ಹೋಗ್ಲಿ ಬಿಡಿ." ಗ್ರಾಫ್ ಮಡಚಿ ವ್ಯಾನಿಟಿ ಬ್ಯಾಗಲ್ಲಿ ಇಟ್ಕೊಂಡು ಬಸ್ಸಿಗೆ ಹೋದ್ರು. ಅವರು ಅವತ್ತು ಮೆಟ್ಲು ಇಳಿದಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಕೈಗಂಬಿ ಹಿಡ್ಕೊಂಡು ಇಳಿದ್ರು. ಯಾವತ್ತೂ ಹಿಡೀತಿರ್ಲಿಲ್ಲ.

ಅದೇ ವಾರ ಭಾವಮೈದನ ಜೊತೆ ಕೊಪ್ಪದಲ್ಲೇ ಒಂದು ಮಂಡಿಗೆ ಹೋಗಿದ್ದೆ. ಈಗೆಲ್ಲ ಎಲೆಕ್ಟ್ರಾನಿಕ್ ತಕ್ಕಡಿ. ತೂಕ ಮಾಡೋನು ಯಾರ ಹತ್ರವೋ ಮಾತಾಡ್ತಾ, ಮೂಟೆ ಮೇಲಿಟ್ಟ ಮೇಲೆ ಸೊನ್ನೆ ಬಟನ್ ಒತ್ತಿಬಿಟ್ಟ.

"ಹೋಯ್, ಮೂಟೆ ಇಟ್ಕೊಂಡೇ ಸೊನ್ನೆ ಒತ್ತಿದ್ಯಲ್ಲೋ! ನಮ್ಮ ಅಡಿಕೆ ಎಲ್ಲಿ ಹೋಯ್ತು?" ಅಂತ ಭಾವಮೈದ ಕೂಗಿದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ನಗ್ತಾ ನಗ್ತಾ ಆ ತಕ್ಕಡಿ ನೋಡಿದೆ. ಮೂಟೆ ಕಣ್ಣೆದುರು ಕೂತಿದೆ. ಮೆಷಿನ್ ಸೊನ್ನೆ ತೋರಿಸ್ತಿದೆ. ಐವತ್ತು ಮೂರು ಬೆಳಿಗ್ಗೆ ನಾನು ಮಾಡಿದ್ದೂ ಇದೇ. ಕಲ್ಲು ತಕ್ಕಡಿ ಮೇಲೆ ಕೂತಿತ್ತು. ಅದರ ಸುತ್ತು ತುಂಬ ನಿಧಾನ ಇದ್ರೆ, ಒಂದು ರಾತ್ರೀಲಿ ಬೆಳಕು ಬದಲಾಗೋದು ಗೊತ್ತೇ ಆಗಲ್ಲ. ಇವತ್ತಿಗೂ ನಾಳೆಗೂ ಇರೋ ವ್ಯತ್ಯಾಸದಲ್ಲೇ ಅದರ ಸುತ್ತು ಇರುತ್ತೆ. ಆ ವ್ಯತ್ಯಾಸವನ್ನೇ ನಾನು ದಿನಾ ಬೆಳಿಗ್ಗೆ ಸೊನ್ನೆ ಮಾಡಿದ್ದೆ.

ಎರಡು ದಿನ ಯಾರಿಗೂ ಹೇಳಲಿಲ್ಲ. ಹೇಳಿದ್ರೆ ಮೇಡಂ ಮುಖ ಹೇಗೆ ನೋಡೋದು? ಅವರಿಗೆ ಇದ್ದಿದ್ದು ಅದೊಂದೇ ಚಳಿಗಾಲ. ಹೇಳದಿದ್ರೆ ಅವರು ಅದೃಷ್ಟ ಅಂದ್ಕೊಂಡೇ ರಿಟೈರ್ ಆಗ್ತಾರೆ, ನನ್ನ ಮೇಲೆ ಇಟ್ಟ ವಿಶ್ವಾಸವೂ ಹಾಗೇ ಇರುತ್ತೆ. ಹೀಗೂ ಯೋಚ್ನೆ ಮಾಡಿದೀನಿ. ಸುಳ್ಳು ಬರೆಯಲ್ಲ.

ಊಟದ ತಟ್ಟೆ ಎದುರು ಸುಮ್ನೆ ಕೂತಿದ್ದು ನೋಡಿ ಜಯಂತಿ, "ಎಂತದ್ದು ನಿಮ್ದು? ಎರಡು ದಿನದಿಂದ ಅನ್ನ ಕಲಸ್ತೀರಿ, ಬಿಡ್ತೀರಿ" ಅಂದಳು. ಎಲ್ಲ ಹೇಳ್ದೆ.

"ಇದನ್ನ ನನಗೆ ಹೇಳಿ ಎಂತ ಆಗುತ್ತೆ? ನನ್ನ ಕಲ್ಲಾ ಅದು? ನಾಳೆ ಭಾನುವಾರ. ಫಸ್ಟ್ ಬಸ್ಸಿಗೆ ಶೃಂಗೇರಿಗೆ ಹೋಗಿ."

"ಬೈತಾರೆ."

"ಬೈಸ್ಕೊಂಡು ಬನ್ನಿ. ಬರೋವಾಗ ಅಲ್ಲಿಂದ ಎರಡು ಸೇರು ಅವಲಕ್ಕಿ ತನ್ನಿ."

ಹೋದೆ. ಕೈಯಲ್ಲಿ ನನ್ನ ಲೆಕ್ಕದ ಪುಸ್ತಕ ಇತ್ತು. ಮೇಡಂ ಜಗಲೀಲಿ ಮೊರ ಇಟ್ಕೊಂಡು ಅಕ್ಕಿ ಆರಿಸ್ತಿದ್ರು. "ಬನ್ನಿ ಶೀನಪ್ಪ. ಮನೇಲೂ ನನಗೆ ಕಲ್ಲು ಹುಡುಕೋದೇ ಕೆಲಸ" ಅಂತ ನಕ್ಕರು. ನಾನು ಕೂರಲಿಲ್ಲ. ನಿಂತೇ ಹೇಳಿಬಿಟ್ಟೆ. ಮಂಡಿ, ಮೂಟೆ, ಸೊನ್ನೆ, ಎಲ್ಲ.

ಅವರ ಕೈ ಮೊರದ ಮೇಲೆ ನಿಂತುಹೋಯ್ತು.

"ಐವತ್ತು ಮೂರು ರಾತ್ರಿ, ಶೀನಪ್ಪ."

"ಹೌದು ಮೇಡಂ."

"ಫೋಟೋ ಒಂದೂ ಇಲ್ಲ."

"ಇಲ್ಲ ಮೇಡಂ."

ಒಳಗೆ ಅವರ ಅಮ್ಮ ಕೆಮ್ಮಿದ್ದು ಕೇಳಿಸ್ತು. ಮೇಡಂ ಮೊರ ಪಕ್ಕಕ್ಕೆ ಇಟ್ರು. ಸಿಟ್ಟು ಬರಬೇಕಿತ್ತು. ಬಂದಿತ್ತು ಕೂಡ, ಮುಖ ಕೆಂಪಾಗಿತ್ತು. ಆದ್ರೆ ಹೇಳಿದ್ದು ಬೇರೆ. "ನಾನು ಒಂದು ದಿನವಾದ್ರೂ ಹತ್ರ ಕೂತು ನೋಡ್ಬೇಕಿತ್ತು. ಗೆರೆ ನೆಟ್ಟಗಿದೆ ಅಂತ ಖುಷಿಪಟ್ಟೆನಲ್ಲ, ನಾನೆಂಥ ಮೇಷ್ಟ್ರು!" ಆಮೇಲೆ ನನ್ನ ಕೈ ನೋಡಿದ್ರು. "ಅದೇನು ಪುಸ್ತಕ?"

"ದಿನಾ ಎಷ್ಟು ಎತ್ತಿದೆ, ಎಷ್ಟು ಇಳಿಸಿದೆ ಅಂತ ಬರ್ದಿದ್ದು ಮೇಡಂ. ಮಂಡೀಲಿ ತಿಮ್ಮಪ್ಪಣ್ಣ ಕಲಿಸಿದ ಅಭ್ಯಾಸ. ಬರೀದೆ ಇರೋಕೆ ಆಗಲ್ಲ."

ಮೇಡಂ ನನ್ನ ಮುಖ ನೋಡಿದ್ರು. ಪುಸ್ತಕ ಕಿತ್ಕೊಂಡ್ರು ಅಂತಲೇ ಹೇಳ್ಬೇಕು. ಪೊರೆ ಬಂದ ಕಣ್ಣಿಗೆ ಹತ್ರ ಹತ್ರ ಹಿಡಿದು ಓದಿದ್ರು. ಐವತ್ತು ಮೂರು ಸಾಲು. ಒಂದೂ ಬಿಟ್ಟಿರ್ಲಿಲ್ಲ.

"ಶೀನಪ್ಪ, ಕೂತ್ಕೊಳ್ಳಿ. ಕೂತ್ಕೊಳ್ಳಿ ಮಾರಾಯ್ರೇ!" ಅಂದ್ರು. ಮೇಡಂ ಬಾಯಲ್ಲಿ ಮಾರಾಯ್ರೇ ಕೇಳಿದ್ದು ಅದೇ ಮೊದಲು.

ಗ್ರಾಫ್ ಹಾಳೆಗಳನ್ನ ಅನ್ನದ ಅಗುಳಲ್ಲಿ ಅಂಟಿಸಿ ಜಗಲಿ ಉದ್ದಕ್ಕೂ ಹಾಸಿದ್ವಿ. ನಾನು ಇಳಿಸಿದ್ದನ್ನ ವಾಪಸ್ ಎತ್ತಿ, ಎತ್ತಿದ್ದನ್ನ ವಾಪಸ್ ಇಳಿಸಿ ಓದೋದು, ಅವರು ಪೆನ್ಸಿಲಲ್ಲಿ ಚುಕ್ಕಿ ಇಡೋದು. ಮೊದಲ ನಾಲ್ಕು ಚುಕ್ಕಿ ಮೇಲಕ್ಕೆ ಹೋಯ್ತು. ಐದನೇದು ಅಲ್ಲೇ ನಿಲ್ತು. ಆಮೇಲೆ ಇಳೀತಾ ಬಂತು. ಮತ್ತೆ ಹತ್ತಿತು. ಮೋಡದ ದಿನ ಖಾಲಿ ಬಿಟ್ವಿ, ಅದರಾಚೆ ಮತ್ತೆ ಸರಿಯಾದ ಜಾಗದಲ್ಲೇ ಸಿಕ್ತು. ಮಲಗಿರೋ ಮಗುವಿನ ಹೊಟ್ಟೆ ಏರಿ ಇಳಿಯುತ್ತಲ್ಲ, ಹಾಗೆ. ಅಮ್ಮ ಕಾಫಿ ತಂದಿಟ್ಟು ಹೋದ್ರು, ತಣ್ಣಗಾಯ್ತು.

ಉಬ್ಬಿಂದ ಉಬ್ಬಿಗೆ ಎಂಟು ದಿನ. ಸೌತೆಕಾಯಿ ಲೆಕ್ಕದಲ್ಲಿ ಒಂದು ಸುತ್ತಿಗೆ ಹದಿನಾರು ದಿನ. ಭೂಮಿ ಹದಿನಾರು ಸಲ ಗಿರಗಿರ ತಿರುಗೋ ಹೊತ್ತಿಗೆ ಅದು ಒಂದು ಸಲ.

ಮೇಡಂ ಅಷ್ಟಕ್ಕೇ ನಂಬೋರಲ್ಲ. "ಇದು ನಿಜ ಆಗಿದ್ರೆ ಗುರುವಾರ ಅದು ತುಂಬ ಮಂಕಾಗಿರಬೇಕು. ಎಷ್ಟು ಅಂತ ಈಗಲೇ ಬರೀತೀನಿ. ನೀವು ನೋಡ್ಬೇಡಿ" ಅಂತ ಒಂದು ಚೀಟೀಲಿ ಬರೆದು ಮಡಚಿ ಇಟ್ಕೊಂಡ್ರು. ನಾನು ಅವಲಕ್ಕಿ ತಗೊಳ್ಳೋದು ಮರೆತೇ ಬಂದೆ. ಮನೇಲಿ ಬೈಸ್ಕೊಂಡಿದ್ದು ಅದಕ್ಕೆ ಮಾತ್ರ.

ಗುರುವಾರ ರಾತ್ರಿ ಆಕಾಶ ತೆಳು ಮೋಡಕ್ಕೆ ಬಿಳುಪಾಗಿತ್ತು, ಆದ್ರೂ ಕಲ್ಲು ಸಿಕ್ತು. ಶುಕ್ರವಾರ ಬೆಳಿಗ್ಗೆ ಲ್ಯಾಬಲ್ಲಿ ಅಳೆಯೋಕೆ ಕೂತೆ. ಮೇಡಂ ಕಿಟಕಿ ಕಡೆ ಮುಖ ಮಾಡಿ ನಿಂತ್ರು. "ನಾನು ನೋಡಲ್ಲ. ಸೊನ್ನೆಗೆ ತರಬೇಡಿ, ಹಾಗೇ ಓದಿ."

ಸ್ಕ್ರೀನ್ ಮೇಲೆ ಅಂಕಿ ಬಂತು. ಓದ್ದೆ.

ಅವರು ತಿರುಗಿ ಬಂದು ಚೀಟಿ ಬಿಚ್ಚಿ ಮೇಜಿನ ಮೇಲಿಟ್ರು. ಕೊನೇ ಅಂಕಿ ಒಂದು ಬಿಟ್ರೆ ಎಲ್ಲ ಅದೇ. ಅಷ್ಟರಲ್ಲಿ ಬೆಲ್ ಹೊಡೀತು. ಮೇಡಂ ಸೆರಗಲ್ಲಿ ಕಣ್ಣು ಒತ್ತಿಕೊಂಡು, ಸೀಮೆಸುಣ್ಣ ತಗೊಂಡು ಕ್ಲಾಸಿಗೆ ಹೋದ್ರು. ಹೊರಗೆ ಪ್ರಿನ್ಸಿಪಾಲರು, "ಏನು ಮೇಡಂ, ಕಲ್ಲು ಕ್ಷೇಮವಾ?" ಅಂದಿದ್ದು ಕೇಳಿಸ್ತು.

"ಕ್ಷೇಮ ಸಾರ್. ತುಂಬ ಸಾವಧಾನ" ಅಂದ್ರು ಮೇಡಂ.

ಅವರು ರಿಟೈರ್ ಆಗೋ ಮೊದಲು, ಇಂಥ ಕಲ್ಲುಗಳ ಲೆಕ್ಕ ಅಚ್ಚು ಹಾಕೋ ಒಂದು ಪತ್ರಿಕೆಗೆ ನಮ್ಮ ಲೆಕ್ಕ ಕಳಿಸಿದ್ರು. ಅಳೆದವರು ಅನ್ನೋ ಜಾಗದಲ್ಲಿ ಎರಡು ಹೆಸರು ಬರೆದಿದ್ರು. ನನ್ನದು ತೆಗೀರಿ, ಕೆಡಿಸಿದ್ದೇ ನಾನು ಅಂದೆ. "ಎಷ್ಟು ಕೆಡಿಸಿದ್ರಿ ಅಂತ ಬರೆದಿಟ್ಟೋರೂ ನೀವೇ" ಅಂದ್ರು. ಎರಡು ವರ್ಷ ಬಿಟ್ಟು ಬೇರೆ ದೇಶದೋರು ಯಾರೋ ಅದನ್ನೇ ಅಳೆದ್ರು. ಅವರಿಗೂ ಹದಿನಾರು ದಿನದ ಹತ್ತಿರವೇ ಬಂತು.

ಈಗ ಆ ಕೋಣೇಲಿ ಎಲ್ಲ ಬದಲಾಗಿದೆ. ಫೋಟೋ ಅಳಿಸೋದು ಬೇಡ, ಹೊಸ ಡಿಸ್ಕ್ ಇದೆ. ಅಳೆಯೋದು ಕಂಪ್ಯೂಟರೇ ಮಾಡುತ್ತೆ. ಹೊಸದಾಗಿ ಬಂದಿರೋರೇ, ನಿಮಗೆ ನನ್ನಷ್ಟು ಕಷ್ಟ ಇಲ್ಲ. ಆದ್ರೂ ಬೀರುವಿನ ಕೆಳಗಿನ ಅರೇಲಿ ನನ್ನ ಪುಸ್ತಕ ಇದೆ. ಹಳೇ ಪುಸ್ತಕ ಅಂತ ರದ್ದಿಗೆ ಹಾಕಬೇಡಿ. ಅದರಲ್ಲಿ ಖಾಲಿ ಹಾಳೆ ಬೇಕಾದಷ್ಟಿವೆ. ನೀವು ಏನಾದ್ರೂ ಸರಿ ಮಾಡಿದ್ರೆ, ಎಷ್ಟು ಅಂತ ಅಲ್ಲೇ ಬರೀರಿ.

ನಿನ್ನೆ ಮೇಡಂ ಫೋನ್ ಮಾಡಿದ್ರು. ಕಣ್ಣಿನ ಆಪರೇಷನ್ ಆಗಿ ಈಗ ಚೆನ್ನಾಗಿದಾರೆ.

"ಬರ್ದು ಮುಗೀತಾ ಶೀನಪ್ಪ?"

"ನಾಳೆ ಮುಗಿಯುತ್ತೆ ಮೇಡಂ. ತುಂಬ ನಿಧಾನ ಆಯ್ತು."

"ಶುರು ಮಾಡಿದ್ದು ಯಾವತ್ತು?"

ಹೇಳ್ದೆ. ಅವರು ಆ ಕಡೆಯಿಂದ ಒಂದು, ಎರಡು ಅಂತ ಎಣಿಸಿದ್ದು ಕೇಳಿಸ್ತು. ಆಮೇಲೆ ನಕ್ಕರು.

ನಾನೂ ಎಣಿಸಿದೆ. ಇವತ್ತಿಗೆ ಹದಿನಾರು ದಿನ. ಮೊದಲನೇ ಸಾಲು ಟೈಪ್ ಮಾಡಿದಾಗ ಆ ಕಲ್ಲು ಯಾವ ಕಡೆ ಮುಖ ಮಾಡಿತ್ತೋ, ಈಗ ಮತ್ತೆ ಅದೇ ಕಡೆಗೆ ತಿರುಗಿ ಬಂದಿದೆ.